ಇಪ್ಪತ್ನಾಲ್ಕು ಸೆಟ್ಟು ಸೈನ್ ಇನ್ವರ್ಸ್

ವ್ಯವಹಾರ ಇಷ್ಟೇ: ಇಪ್ಪತ್ನಾಲ್ಕು ಸೆಟ್ಟು, ಸೆಟ್ಟಿಗೆ ಆರು ಹಾಳೆ, ಒಟ್ಟು ನೂರಾ ನಲವತ್ನಾಲ್ಕು ಗೋಡೆ ಚಾರ್ಟು. ಪಿಯುಸಿ ಎರಡನೇ ವರ್ಷದ ಗಣಿತದಲ್ಲಿ ಎರಡನೇ ಪಾಠ ವಿಲೋಮ ತ್ರಿಕೋನಮಿತಿ. ಸೈನ್ ಇನ್ವರ್ಸ್, ಕಾಸ್ ಇನ್ವರ್ಸ್, ಟ್ಯಾನ್ ಇನ್ವರ್ಸ್ ಅಂತ ಅದರಲ್ಲಿ ಆರು ಗ್ರಾಫು ಬರುತ್ತವೆ. ರಾಯಚೂರು, ದೇವದುರ್ಗ, ಮಾನ್ವಿ ಮೂರೂ ಕಡೆ ಕಾಲೇಜು ನಡೆಸುವ ಒಂದು ಸಂಸ್ಥೆಯವರು ತಮ್ಮ ಇಪ್ಪತ್ನಾಲ್ಕು ಕೋಣೆಗಳ ಗೋಡೆಗೆ ಇವು ಬೇಕು ಅಂದರು. ಷರತ್ತು ಎರಡು. ದೇವದುರ್ಗದ ಗಣಿತ ಮೇಡಮ್ ನೋಡಿ ಸಹಿ ಹಾಕಬೇಕು. ಪಾಠ ಶುರುವಾಗುವುದರೊಳಗೆ ಚಾರ್ಟು ಗೋಡೆಗೆ ಏರಬೇಕು. ಪಾಠ ಶುರುವಾದ ಕೋಣೆಗೆ ಮಾಲು ಬೇಡ. ಎಷ್ಟು ರೂಪಾಯಿಯ ವ್ಯವಹಾರ ಅಂತ ಇಲ್ಲಿ ಬರೆಯುವುದಿಲ್ಲ. ಬರೆದರೆ ಮನೆಯಲ್ಲಿ ಓದುತ್ತಾರೆ.

ನಾನು ರಾಯಚೂರಿನಲ್ಲಿ ಮೂವತ್ತು ವರ್ಷದಿಂದ ಕಾಗದ, ನೋಟುಬುಕ್ಕು, ಗೋಲ, ನಕಾಶೆ ಮಾರುತ್ತಾ ಬಂದವನು. ನನಗೆ ತಿಳಿಯುವ ಮಾಲಿನಲ್ಲಿ ಪೆಟ್ಟು ತಿಂದದ್ದು ನೆನಪಿಲ್ಲ. ತಿಳಿಯದ ಮಾಲು ಮಾತ್ರ ವರ್ಷಕ್ಕೊಮ್ಮೆ ವಿಳಾಸ ಕೇಳಿಕೊಂಡು ನನ್ನ ಅಂಗಡಿಗೇ ಬರುತ್ತದೆ. ಒಂದು ವರ್ಷ ಭೂಗೋಲ ಬಂದವು, ಒಂದು ಡಜನ್ನು. ಎಲ್ಲದರಲ್ಲೂ ಸಮುದ್ರ ಹಳದಿ, ಮರುಭೂಮಿ ನೀಲಿ. ಈ ವರ್ಷ ಇವು ಬಂದವು.

೧. ಖಾಲಿ ಜಾಗ

ಮೇಡಮ್ ತಾವೇ ಕೈಯಲ್ಲಿ ಬರೆದ ಒಂದು ಹಾಳೆ ಕಳಿಸಿದ್ದರು. ಅದರಲ್ಲಿ ಆರು ಸಣ್ಣ ಗ್ರಾಫು. ಅದನ್ನು ನಮ್ಮ ಪೇಂಟರನ ಮುಂದೆ ಇಟ್ಟೆ. ಅಂಗಡಿ ಬೋರ್ಡು, ಲಾರಿಯ ಹಿಂಭಾಗ, ಗೋಡೆ ಮೇಲಿನ ಗೊಬ್ಬರದ ಜಾಹೀರಾತು, ಇಪ್ಪತ್ತೈದು ವರ್ಷದಿಂದ ಅದೇ ಕೆಲಸ ಅವನದು. ಕೈಯಲ್ಲಿ ಎಳೆದ ಗೆರೆ ಒಂದು ಕೂದಲೆಳೆ ಆಚೀಚೆ ಆಗುವುದಿಲ್ಲ. ಅವನು ಒಂದೊಂದು ದೊಡ್ಡದಾಗಿ ಬರೆದು ಕೊಟ್ಟರೆ ಪ್ರೆಸ್ಸಿನವರು ಸ್ಕ್ರೀನು ಮಾಡಿ ಅಚ್ಚು ಹಾಕುತ್ತಾರೆ.

ಪೇಂಟರು ಮೊದಲನೆಯದನ್ನು ನೋಡಿ ಮುಖ ಸಿಂಡರಿಸಿದ.

"ಸಾವ್ಕಾರ್ರ, ಇಷ್ಟು ದೊಡ್ಡ ಹಾಳ್ಯಾಗ ನಡುವ ಗೇಣುದ್ದ ಗೆರಿ ಅಷ್ಟ ಅದ. ಮ್ಯಾಲನೂ ಖಾಲಿ, ಕೆಳಗನೂ ಖಾಲಿ."

ನಾನು ನೋಡಿದೆ. ಖರೇ ಇತ್ತು. ಸೈನ್ ಇನ್ವರ್ಸ್ ಅನ್ನುವುದು ಹಾಳೆಯ ನಡುವೆ ಮುದುಡಿ ನಿಂತ ಒಂದು ತುಂಡು ಗೆರೆ. ಸುತ್ತ ಬಿಳಿ. ನೋಟುಬುಕ್ಕಿನಲ್ಲಿ ಒಂದು ಪುಟ ಕಡಿಮೆ ಬಂದರೆ ಊರ ಮುಂದೆ ಮಾನ ಕಳೆಯುವ ಗಿರಾಕಿಗಳ ನಡುವೆ ಬದುಕಿದವನು ನಾನು. ಮುಕ್ಕಾಲು ಹಾಳೆ ಖಾಲಿ ಕೊಟ್ಟರೆ ಸುಮ್ಮನೆ ಬಿಡುತ್ತಾರೆಯೇ?

"ಗೆರಿ ಹ್ಯಾಂಗ ಹೊಂಟದ ಅಂತ ತಿಳೀತಲ್ಲ? ಹಂಗ ಮ್ಯಾಲಕ್ಕ ಕೆಳಗ ಎಳದುಬಿಡು. ಹಾಳಿ ತುಂಬಲಿ."

ಅವನು ಎಳೆದ. ಎಂಥ ಕೈ ಅವನದು! ಗೆರೆ ಕೆಳಗಿನ ಅಂಚಿನಿಂದ ಮೇಲಿನ ಅಂಚಿನ ತನಕ ಬಳುಕುತ್ತಾ ಬಳುಕುತ್ತಾ ಏರಿತು. ಕಾಸ್ ಇನ್ವರ್ಸಿಗೂ ಅದೇ ಮರ್ಯಾದೆ ಮಾಡಿದೆವು. ಪ್ರೆಸ್ಸಿನವನು ಒಮ್ಮೆಗೇ ಎಲ್ಲಾ ಹಾಕಿಸಿದರೆ ಅಗ್ಗ ಅಂದ. ನೂರಾ ನಲವತ್ನಾಲ್ಕೂ ಹಾಕಿಸಿಬಿಟ್ಟೆ. ಆಮೇಲೆ ಒಂದು ಸೆಟ್ಟು ಸುತ್ತಿಕೊಂಡು ದೇವದುರ್ಗದ ಬಸ್ಸು ಹತ್ತಿದೆ.

ಮೇಡಮ್ ಸ್ಟಾಫ್ ರೂಮಿನ ಮೇಜಿನ ಮೇಲೆ ಚಾರ್ಟು ಬಿಚ್ಚಿದರು.

"ನಾ ಕೊಟ್ಟಿದ್ದು ಇಷ್ಟ ಇತ್ತಲ್ರೀ," ಅಂದು ಗೇಣು ಮಾಡಿ ತೋರಿಸಿದರು.

"ನೀವು ಕೊಟ್ಟಿದ್ದು ಅಷ್ಟ ರೀ. ನಾವು ಜಾಸ್ತಿ ಕೊಟ್ಟೀವಿ. ಅದಕ್ಕ ಬ್ಯಾರೆ ಚಾರ್ಜಿಲ್ಲ."

ಅವರು ಕಟ್ಟಿಗೆಯ ಸ್ಕೇಲು ತೆಗೆದುಕೊಂಡು ಚಾರ್ಟಿನ ನಟ್ಟನಡುವೆ ನೆಟ್ಟಗೆ ನಿಲ್ಲಿಸಿದರು. ಗೆರೆ ಸ್ಕೇಲನ್ನು ಎಲ್ಲೆಲ್ಲಿ ದಾಟಿತ್ತೋ ಅಲ್ಲಲ್ಲಿ ಬೆರಳಿಟ್ಟು ಎಣಿಸಿದರು. "ಒಂದು, ಎರಡು, ಮೂರು, ನಾಕು, ಐದು. ಯಾವ ಕೋನದ ಸೈನು ಸೊನ್ನಿ ಅಂತ ಕೇಳಿದ್ರ ನಿಮ್ಮ ಚಾರ್ಟು ಐದು ಉತ್ತರ ಕೊಡ್ತದ. ಹುಡುಗುರು ಯಾವ್ದು ಬರೀಬೇಕು?"

"ಐದೂ ಖರೇ ಅವ ಏನ್ರೀ?"

"ಐದೂ ಖರೇ ಅವ."

"ಹಂಗಾದ್ರ ಬೇಕಾದ್ದು ಬರೀಲಿ ಬಿಡ್ರಿ. ಚಾಯ್ಸ್ ಇದ್ರ ಮಕ್ಕಳಿಗೆ ಚಲೋನ."

"ಸಾವ್ಕಾರ್ರ, ಒಂದು ಪ್ರಶ್ನಿಗೆ ಒಂದ ಉತ್ತರ ಕೊಟ್ರ ಮಾತ್ರ ಅದು ಫಂಕ್ಷನ್. ಐದು ಕೊಟ್ರ ಅದು ಫಂಕ್ಷನ್ ಅಲ್ಲ."

ಮೂವತ್ತು ವರ್ಷದಿಂದ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದೇನೆ. "ಇದಕ್ಕೆಷ್ಟು?" ಅನ್ನುವ ಒಂದೇ ಪ್ರಶ್ನೆಗೆ ಐದು ಗಿರಾಕಿಗೆ ಐದು ಉತ್ತರ ಕೊಟ್ಟಿದ್ದೇನೆ. ನಾನು ಫಂಕ್ಷನ್ ಅಲ್ಲ ಅಂತ ಇಷ್ಟು ವರ್ಷ ಒಬ್ಬರೂ ಹೇಳಿರಲಿಲ್ಲ.

೨. ಯಾರ ಕುರಿ

ನನ್ನ ಮುಖ ನೋಡಿ ಮೇಡಮ್ಮಿಗೆ ಕನಿಕರ ಬಂದಿರಬೇಕು. ನೀರು ತರಿಸಿ ಕೊಟ್ಟು, "ಕುಂದರ್ರಿ, ಹೇಳ್ತೀನಿ," ಅಂದರು.

"ನಮ್ಮಪ್ಪ ಯಾಪಲದಿನ್ನಿ ಕಡೆ ಕುರಿ ಕಾಯ್ತಿದ್ರು. ಕುರಿ ಬೆನ್ನಿಗೆ ಬಣ್ಣ ಹಚ್ಚೂದು ನೋಡೀರಲ್ಲ? ಮಾಲಕ ಯಾರು ಅಂತ ಗೊತ್ತಿದ್ರ ಬಣ್ಣ ಹೇಳೂದು ಸಸಾರ. ನಮ್ದು ಕೆಂಪು, ದೊಡ್ಡಪ್ಪಂದು ಹಸರು. ಈಗ ತಿರುವಿ ಕೇಳ್ರಿ. ಒಂದು ಕೆಂಪು ಕುರಿ ತಪ್ಪಿಸಿಕೊಂಡು ಬಂತು. ಯಾರ್ದು?"

"ನಿಮ್ಮಪ್ಪಂದು."

"ಹಳ್ಳದ ಆಚಿ ಇನ್ನೊಬ್ಬ ಕೆಂಪು ಹಚ್ಚತಾನ. ಗುಡ್ಡದ ಹಿಂದ ಮತ್ತೊಬ್ಬ. ಐದು ಮಂದಿ ಕೆಂಪು ಹಚ್ಚಿದ್ರ ಆ ಕುರಿ ಯಾರ್ದು?"

"ಜಗಳದ್ದು ರೀ."

"ಹಾಂ! ಅದಕ್ಕ ಹಿರೇರು ಸೀಮಿ ಹಾಕಿದ್ರು. ಈ ಹಳ್ಳದಿಂದ ಆ ಗುಡ್ಡದ ತನಕ ಕೆಂಪು ಅಂದ್ರ ಒಬ್ಬಂದ. ಅದರ ಒಳಗ ಬಣ್ಣ ನೋಡಿದ್ರ ಮಾಲಕ ತಿಳೀತಾನ. ಸೀಮಿ ಆಚಿ ಕೆಂಪು ಮತ್ತ ಬರ್ತದ, ಬರಲಿ, ಅದು ನಮ್ಮ ಲೆಕ್ಕಕ್ಕಿಲ್ಲ. ಕೋನದಿಂದ ಸೈನಿಗೆ ಹೋಗೂದು ಮಾಲಕನಿಂದ ಬಣ್ಣಕ್ಕ ಹೋದಂಗ. ಸೈನ್ ಇನ್ವರ್ಸ್ ಅಂದ್ರ ಬಣ್ಣ ಹಿಡಕೊಂಡು ಹಿಂದಕ್ಕ ಮಾಲಕನ ಮನಿಗೆ ಬರೂದು. ಸೀಮಿ ಹಾಕಲಾರದ ಹಿಂದಕ್ಕ ಬರಾಕ ಆಗಂಗಿಲ್ಲ. ಸೈನಿನ ಸೀಮಿ ಮೈನಸ್ ಪೈ ಬೈ ಟು ಇಂದ ಪೈ ಬೈ ಟು. ಅದಕ್ಕ ಆ ಗೆರಿ ಅಲ್ಲೇ ನಿಂತಿತ್ತು. ನೀವು ಐದೂ ಮಂದಿ ಹೊಲಕ್ಕ ನುಗ್ಗಿಸೀರಿ."

ಹತ್ತನೆಯ ಇಯತ್ತೆಯಲ್ಲಿ ಗಣಿತಕ್ಕೆ ಹೆದರಿ ಅಂಗಡಿಗೆ ಬಂದು ಕೂತವನು ನಾನು. ದೇವದುರ್ಗದ ಆ ಕುರ್ಚಿಯ ಮೇಲೆ ಕೂತು ಮೊದಲ ಸಲ ಒಂದು ಲೆಕ್ಕ ಪೂರ್ತಿ ತಿಳಿಯಿತು. ಅದೂ ನೂರಾ ನಲವತ್ನಾಲ್ಕು ಹಾಳೆ ಅಚ್ಚಾದ ಮೇಲೆ.

"ಕಾಸಿಗೂ ಅದ ಸೀಮಿ ಏನ್ರೀ?"

"ಇಲ್ಲ. ಕಾಸಿಗೆ ಸೊನ್ನಿಯಿಂದ ಪೈ ತನಕ. ಸೈನಿನ ಸೀಮ್ಯಾಗ ಕಾಸ್ ತಂದು ನಿಲ್ಲಿಸಿದ್ರ ಒಂದ ಬಣ್ಣ ಎರಡು ಕಡೆ ಬರ್ತದ."

ಆರೂ ಚಾರ್ಟಿನ ಮೇಲೆ ಪೆನ್ಸಿಲ್ಲಿನಿಂದ ತಪ್ಪು ಗುರುತು ಮಾಡಿ ಕೊಟ್ಟರು. ಒಂದೂ ಬಿಟ್ಟಿರಲಿಲ್ಲ. "ಪಾಠ ಶುರು ಆಗಾಕ ಇನ್ನ ಇಪ್ಪತ್ತು ದಿನ ಅದ. ಜಲ್ದಿ ಮಾಡ್ರಿ," ಅಂದರು.

ವಾಪಸ್ ಬಸ್ಸಿನಲ್ಲಿ ಪಕ್ಕದವನು ನನ್ನ ತೊಡೆ ಮೇಲಿನ ಸುರುಳಿ ನೋಡಿ, "ಏನ್ರೀ ಅದು, ಪೂಜಿ ಪರದಿ ಏನು?" ಅಂದ.

"ಇಲ್ಲಪ್ಪಾ. ಐದು ಮಾಲಕರ ಒಂದು ಕುರಿ," ಅಂದೆ.

ಅವನು ಎದ್ದು ಡ್ರೈವರನ ಹತ್ತಿರ ಹೋಗಿ ನಿಂತ. ರಾಯಚೂರು ಬರುವ ತನಕ ಕೂರಲೇ ಇಲ್ಲ.

೩. ಮುಟ್ಟದ ಗೆರೆ

ಪೇಂಟರನಿಗೆ ತಪ್ಪುಗಳ ಪಟ್ಟಿ ಓದಿದೆ. ಸೈನು, ಕಾಸು ತನ್ನ ತಪ್ಪಲ್ಲ, ಸಾವ್ಕಾರರ ಆಜ್ಞೆ ಅಂತ ಕೈ ತೊಳೆದುಕೊಂಡ. ಟ್ಯಾನ್ ಇನ್ವರ್ಸಿಗೆ ಬಂದಾಗ ಮಾತ್ರ ಅವನಿಗೆ ಸಿಟ್ಟು ಬಂತು.

ಟ್ಯಾನ್ ಇನ್ವರ್ಸಿನಲ್ಲಿ ಮೇಲೊಂದು ಕೆಳಗೊಂದು ಚುಕ್ಕಿ ಗೆರೆ ಇರುತ್ತದೆ. ನಡುವಿನ ಗೆರೆ ಬಲಕ್ಕೆ ಹೋಗುತ್ತಾ ಹೋಗುತ್ತಾ ಮೇಲಿನ ಚುಕ್ಕಿ ಗೆರೆಯ ಹತ್ತಿರ ಹತ್ತಿರ ಬರುತ್ತದೆ. ಪೇಂಟರು ಅದನ್ನು ಅಂದವಾಗಿ ಕೂಡಿಸಿಬಿಟ್ಟಿದ್ದ.

"ಅದು ಮುಟ್ಟಬಾರ್ದಂತ," ಅಂದೆ.

"ಎಲ್ಲಿ ತನಕ?"

"ಎಲ್ಲೀ ತನಕನೂ."

"ಹಾಳಿ ಮುಗಿಯೂ ತನಕ?"

"ಹಾಳಿ ಮುಗದ ಮ್ಯಾಲನೂ."

"ಹಾಳಿ ಮುಗದ ಮ್ಯಾಲ ಮುಟ್ಟತದೋ ಇಲ್ಲೋ ಅಂತ ಯಾರ್ ಹೋಗಿ ನೋಡ್ಯಾರ?"

"ಮೇಡಮ್ ನೋಡ್ಯಾರ."

"ಸಾವ್ಕಾರ್ರ, ಇಪ್ಪತ್ತೈದು ವರ್ಷ ಆತು. ಗೆರಿ ಬಾರ್ಡರಿಗೆ ಮುಟ್ಟಸಲಾರದ ಬಿಟ್ರ ಗಿರಾಕಿ ಕೆಲಸ ಅರ್ಧ ಮಾಡೀದಿ ಅಂತಾನ. ಮುಟ್ಟಸಬ್ಯಾಡ ಅಂತ ಹೇಳಿದವರು ನೀವ ಮೊದಲು."

ನಾನು ನನಗೆ ತಿಳಿದ ರೀತಿ ಹೇಳಿದೆ. "ಗುಂಜಹಳ್ಳಿಯಿಂದ ಒಬ್ಬ ಗಿರಾಕಿ ಬರ್ತಾನ ನೋಡು, ಆ ದೊಡ್ಡ ಗೋಲ ಕೇಳಾಕ. ಮೊದಲ ಸಲ ಬಾಗಲಾಗ ನಿಂತು ಕೇಳಿದ. ಎರಡನೇ ಸಲ ಒಳಗ ಬಂದ. ಮೂರನೇ ಸಲ ಮುಟ್ಟಿ ತಿರುಗಿಸಿದ. ಹೋದ ವಾರ ಒರಸೂ ಅರಿವಿನೂ ಮನಿಯಿಂದನ ತಂದಿದ್ದ. ಪ್ರತಿ ಸಲ ಹತ್ರ ಬರ್ತಾನ. ತಗೊಳ್ಳಂಗಿಲ್ಲ. ಇದೂ ಹಂಗ."

ಪೇಂಟರು ಚಾರ್ಟು ನೋಡಿದ. ಬೀಡಿ ಆರಿಸಿದ. ಮತ್ತೆ ನೋಡಿದ. ಮುಖ ಅರಳಿತು.

"ಹೇ, ಇದು ನಮ್ಮ ಓಣಿ ಡಾಂಬರ ರಸ್ತಿ ಅಲ್ರೀ! ವರ್ಷಾ ಒಂದೀಟು ಹತ್ರ ಬರ್ತದ. ಹೋದ ವರ್ಷ ನಲವತ್ತು ಹೆಜ್ಜಿ ದೂರ ಇತ್ತು, ಈ ವರ್ಷ ಮೂವತ್ತು. ನಮ್ಮ ಮನಿ ಮುಟ್ಟಿಲ್ಲ, ಮುಟ್ಟಂಗೂ ಇಲ್ಲ. ಇದನ್ನ ಮೊದಲ ಹೇಳಬಾರ್ದೇನು?"

ಅಲ್ಲೇ ಕೂತು ಇಪ್ಪತ್ನಾಲ್ಕು ಹಾಳೆಯಲ್ಲೂ ಬಿಳಿ ಬಣ್ಣದಿಂದ ತುದಿ ಅಳಿಸಿದ. ಕಾಟ್ ಇನ್ವರ್ಸಿಗೂ ಅದೇ ಚಿಕಿತ್ಸೆ. ಆವತ್ತಿನಿಂದ ಅವನು ಅದಕ್ಕೆ ಟ್ಯಾನ್ ಇನ್ವರ್ಸ್ ಅನ್ನುವುದಿಲ್ಲ. "ರಸ್ತಿ ಚಾರ್ಟು" ಅನ್ನುತ್ತಾನೆ. ಅಷ್ಟು ಮನಸಾರೆ ತಿಳಿದುಕೊಂಡವನನ್ನು ನಾನು ಯಾವ ಕಾಲೇಜಿನಲ್ಲೂ ಕಂಡಿಲ್ಲ.

೪. ಅವ್ವನ ಕುಂಕುಮ

ಉಳಿದದ್ದು ಸೆಕ್ ಇನ್ವರ್ಸ್, ಕೋಸೆಕ್ ಇನ್ವರ್ಸ್. ಇವು ಹುಟ್ಟಾ ಎರಡು ತುಂಡು. ಎಡಕ್ಕೊಂದು, ಬಲಕ್ಕೊಂದು, ನಡುವೆ ಏನೂ ಇಲ್ಲ. ಮೇಡಮ್ ಬರೆಯುವಾಗ ಪೆನ್ನು ಎತ್ತಿಬಿಟ್ಟಿರಬೇಕು ಅಂತ ಪೇಂಟರು ಎರಡನ್ನೂ ಒಂದು ಗೆರೆಯಿಂದ ಜೋಡಿಸಿದ್ದ. ಅದನ್ನೂ ಬಿಳಿ ಬಣ್ಣದಿಂದ ಅಳಿಸಿದೆವು. ಸೈನು ಕಾಸಿನ ಹೆಚ್ಚಿನ ಬಳುಕಾಟದ ಮೇಲೆ ಬಿಳಿ ಹಾಳೆ ಅಂಟಿಸಿ ಮುಚ್ಚಿದೆವು. ಮೂರು ದಿನ ಅಂಗಡಿಯಲ್ಲಿ ಅಂಟಿನ ವಾಸನೆ.

ನಮ್ಮ ಅವ್ವನಿಗೆ ಎಂಬತ್ತು. ಅಂಗಡಿಯಿಂದ ಹೊಸ ಮಾಲು ಹೊರಡುವ ಮುಂಚೆ ಮೇಲಿನ ಕಟ್ಟಿಗೆ ಒಂದು ಬೊಟ್ಟು ಕುಂಕುಮ ಇಡುವುದು ಆಕೆಯ ರೂಢಿ. ಈ ಮಾಲು ಒಮ್ಮೆ ವಾಪಸ್ ಬಂದದ್ದು ಆಕೆಗೆ ಗೊತ್ತಾಗಿತ್ತು. ಹೀಗಾಗಿ ಈ ಸಲ ಕಟ್ಟಿಗಲ್ಲ, ಸುರುಳಿ ಬಿಚ್ಚಿಸಿ ಒಂದೊಂದು ಹಾಳೆಗೂ ಇಟ್ಟಳು. ಮೂಲೆಗಿಟ್ಟರೆ ದೃಷ್ಟಿ ಹೋಗುವುದಿಲ್ಲವಂತೆ. ನಟ್ಟನಡುವೆ ಇಟ್ಟಳು. ನಾನು ಊಟಕ್ಕೆ ಹೋಗಿದ್ದೆ.

ದೇವದುರ್ಗದಲ್ಲಿ ಮೇಡಮ್ ಒಂದೊಂದೇ ನೋಡಿದರು. ಸೈನು, ಟ್ಯಾನು ಎರಡರಲ್ಲೂ ಗೆರೆ ಹೇಗೂ ನಟ್ಟನಡುವಿನಿಂದಲೇ ಹಾಯುತ್ತದೆ. ಕುಂಕುಮ ಗೆರೆಯ ಮೇಲೆಯೇ ಕೂತಿತ್ತು. ಉಳಿದ ನಾಲ್ಕರಲ್ಲಿ ಗೆರೆ ಒಂದು ಕಡೆ, ಕುಂಕುಮ ಒಂದು ಕಡೆ. ಕೋಸೆಕ್ಕಿಗೆ ಬಂದು ನಿಂತರು.

"ನಡುವ ಇದೇನ್ರೀ ಕೆಂಪು ಚುಕ್ಕಿ?"

"ಕುಂಕುಮ ರೀ. ನಮ್ಮ ಅವ್ವ ಇಟ್ಟಾಳ."

"ಸಾವ್ಕಾರ್ರ, ಗ್ರಾಫಿನ ಮ್ಯಾಲ ಚುಕ್ಕಿ ಇಟ್ರ ಅಲ್ಲೊಂದು ಉತ್ತರ ಅದ ಅಂತ ಅರ್ಥ. ಈ ಫಂಕ್ಷನ್ನಿಗೆ ಅಲ್ಲಿ ಉತ್ತರನ ಇಲ್ಲ. ಹುಡುಗುರು ಇದನ್ನ ನೋಡಿ ಪರೀಕ್ಷಾದಾಗ ಸೊನ್ನಿಗೆ ಸೊನ್ನಿ ಅಂತ ಬರೀತಾರ. ಮಾರ್ಕು ಹೋಗ್ತದ."

ಕುಂಕುಮ ಒರೆಸಿ ತನ್ನಿ ಅಂದರು. ಆದರೂ ಮನಸ್ಸು ಸ್ವಲ್ಪ ಕರಗಿತ್ತು. "ಅಂಟಿಸಿದ್ದು ನಿಂದರ್ತದೋ ಇಲ್ಲೋ ಗೊತ್ತಿಲ್ಲ. ಮಾನ್ವಿ ಕಾಲೇಜಿನಾಗ ಒಂದು ಸೆಟ್ಟು ಹಾಕ್ರಿ. ನಾ ಗುರುವಾರ ಅಲ್ಲಿ ಕ್ಲಾಸಿಗೆ ಬರ್ತೀನಿ. ಚಲೋ ಕಂಡ್ರ ಅಲ್ಲೇ ಸಹಿ," ಅಂದರು.

ಮನೆಗೆ ಬಂದು ಅವ್ವನ ಮೇಲೆ ರೇಗಿದೆ. "ಯವ್ವಾ, ಅಲ್ಲಿ ಏನೂ ಇರಬಾರ್ದಂತ! ಖಾಲಿ ಜಾಗ ಅಂತ ಅದು!"

ಅವ್ವ ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. "ಏನೂ ಇಲ್ಲದ ಜಾಗಕ್ಕ ಅಲ್ಲೇನೋ ದೇವ್ರು ಬೇಕಾಗೂದು? ತುಂಬಿದ್ದಕ್ಕ ಯಾಕ ಬೇಕು?"

ಇದಕ್ಕೆ ಮೇಡಮ್ ಏನು ಅನ್ನುತ್ತಾರೆ ಅಂತ ಕೇಳುವ ಧೈರ್ಯ ನನಗೆ ಇವತ್ತಿನ ತನಕ ಬಂದಿಲ್ಲ.

೫. ಮಧ್ಯಾಹ್ನ ಎರಡು ಗಂಟೆ

ಗುರುವಾರ ಬೆಳಿಗ್ಗೆಯೇ ಮಾನ್ವಿಗೆ ಹೋದೆ. ತಗಡಿನ ಮಾಡಿನ ಕೋಣೆ. ಜೂನು ಬಂದರೂ ನಮ್ಮ ಕಡೆ ಬಿಸಿಲಿಗೆ ಕ್ಯಾಲೆಂಡರು ಓದಲು ಬರುವುದಿಲ್ಲ. ಅಟೆಂಡರು ಸ್ಟೂಲು ಹತ್ತಿ ಆರೂ ಚಾರ್ಟು ಮೊಳೆಗೆ ಹಾಕಿದ. ಹನ್ನೊಂದಕ್ಕೆ ಮೇಡಮ್ ಬಂದರು, ಜೊತೆಗೆ ಅಲ್ಲಿಯ ಪ್ರಿನ್ಸಿಪಾಲರು.

ಮೇಡಮ್ ಸೈನ್ ಇನ್ವರ್ಸಿನ ಮುಂದೆ ನಿಂತು ತಲೆ ವಾರೆ ಮಾಡಿದರು. ಅಟೆಂಡರು ಅದನ್ನು ತಲೆಕೆಳಗಾಗಿ ಹಾಕಿದ್ದ.

"ಅಕ್ಷರ, ಅಂಕಿ ಬಿಟ್ರ ಗೆರಿ ಬರೋಬರಿನ ಅದ," ಅಂದರು ಅವರು. "ಇದನ್ನ ಪೂರ್ತಿ ತಿರುವಿ ಹಾಕಿದ್ರೂ ಅದ ಗೆರಿ ಬರ್ತದ."

ಈ ವ್ಯವಹಾರದಲ್ಲಿ ನಾನು ಕೇಳಿದ ಒಂದೇ ಒಂದು ಒಳ್ಳೆಯ ಮಾತು ಅದು. ತಲೆಕೆಳಗಾದ ಮೇಲೂ ಸರಿ ಇರುವ ಮಾಲು ನನ್ನ ಅಂಗಡಿಯಿಂದ ಹೋಗಿದೆ ಅಂತ ಹಿಗ್ಗಿದೆ. ನೆಟ್ಟಗೆ ಹಾಕಿಸಿದೆವು. ಮೇಡಮ್ ಕ್ಲಾಸು ಮುಗಿಸಿ ಎರಡಕ್ಕೆ ಸಹಿ ಹಾಕುತ್ತೇನೆ ಅಂದರು. ನಾನು ಹೋಗಿ ಎರಡು ಪ್ಲೇಟು ಮಂಡಾಳು ಒಗ್ಗರಣೆ, ನಾಲ್ಕು ಮೆಣಸಿನಕಾಯಿ ಬಜ್ಜಿ ತಿಂದು ಬಂದೆ. ಎಷ್ಟೋ ದಿನದ ಮೇಲೆ ಮೊದಲ ಸಲ ಹಸಿವಾಗಿತ್ತು.

ಎರಡು ಗಂಟೆಗೆ ಒಳಗೆ ಕಾಲಿಟ್ಟರೆ ಪಟ್ ಅಂತ ಸದ್ದು. ಸೈನ್ ಇನ್ವರ್ಸಿಗೆ ಅಂಟಿಸಿದ ಬಿಳಿ ಹಾಳೆಯ ಒಂದು ಮೂಲೆ ಬಿಟ್ಟಿತು. ಪಟ್, ಇನ್ನೊಂದು ಮೂಲೆ. ತಗಡಿನ ಕಾವಿಗೆ ಅಂಟು ಒಣಗಿ ಹಪ್ಪಳವಾಗಿತ್ತು. ನಾವು ಮೂವರೂ, ಬಾಗಿಲಲ್ಲಿ ಇಣುಕುತ್ತಿದ್ದ ಹುಡುಗರೂ ನೋಡುತ್ತಾ ನಿಂತಂತೆ ಬಿಳಿ ಹಾಳೆ ಸುರುಳಿ ಸುತ್ತಿಕೊಂಡು ಕೆಳಗೆ ಬಿತ್ತು. ಒಳಗಿಂದ ಆ ಬಳುಕುವ ಗೆರೆ ಮೇಲಕ್ಕೂ ಕೆಳಕ್ಕೂ ಪೂರ್ತಿ ಹೊರಗೆ ಬಂದು ನಿಂತಿತು. ಎದುರು ಗೋಡೆಯಲ್ಲಿ ಕಾಸ್ ಇನ್ವರ್ಸಿನದೂ ಬಿತ್ತು.

"ಹನ್ನೊಂದಕ್ಕ ಫಂಕ್ಷನ್ ಇತ್ತು," ಅಂದರು ಮೇಡಮ್, ಪೆನ್ನಿನ ಮುಚ್ಚಳ ಹಾಕುತ್ತಾ. "ಈಗ ಇಲ್ಲ."

ಪ್ರಿನ್ಸಿಪಾಲರು ಬಹಳ ಅನುಭವಸ್ಥರು, ಎಂಥ ಸಮಸ್ಯೆಗೂ ಅವರಲ್ಲಿ ದಾರಿ ಇರುತ್ತದೆ. ನನ್ನ ಹೆಗಲ ಮೇಲೆ ಕೈ ಇಟ್ಟು ಹೇಳಿದರು:

"ಫಿಕರ್ ಮಾಡಬ್ಯಾಡ್ರಿ ಸಾವ್ಕಾರ್ರ. ಗಣಿತದ ಪಿರಿಯಡ್ ಮುಂಜಾನಿಗೆ ಹಾಕಿಬಿಡೂಣು."

೬. ತಪ್ಪು ಬರೆಯುವವನು

ಹೊಸದಾಗಿ ಅಚ್ಚು ಹಾಕಿಸುವುದು ಬಿಟ್ಟು ದಾರಿ ಉಳಿಯಲಿಲ್ಲ. ಹಳೆಯ ನೂರಾ ನಲವತ್ನಾಲ್ಕನ್ನೂ ಮಾನ್ವಿಯ ಒಬ್ಬ ದರ್ಜಿಗೆ ಕೊಟ್ಟುಬಿಟ್ಟೆ. ದಪ್ಪ ಕಾಗದ ಇದ್ದರೆ ಅಳತೆ ಕತ್ತರಿಸಲು ಬೇಕು ಅಂತ ಅವನು ಕೇಳುತ್ತಲೇ ಇದ್ದ. ಪ್ರೆಸ್ಸಿನವನು ಹಳೆಯ ಸ್ಕ್ರೀನು ತೊಳೆದು ಹೊಸದು ಮಾಡಿದ. ಪೇಂಟರು ತಾನು ಮೊದಲು ಬರೆದದ್ದನ್ನು ಹರಿದುಹಾಕಿ, ಈ ಸಲ ನನ್ನನ್ನು ಹತ್ತಿರವೂ ಬಿಟ್ಟುಕೊಳ್ಳಲಿಲ್ಲ. ಮೇಡಮ್ಮಿನ ಹಾಳೆ ಎದುರಿಗೆ ಇಟ್ಟುಕೊಂಡು, ಸೀಮೆ ಅಳೆದು, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು, ಎಲ್ಲಿ ಮುಟ್ಟಬಾರದೋ ಅಲ್ಲಿ ಮುಟ್ಟದೆ ಬರೆದ. ಕೆಳಗೆ ಬಲಮೂಲೆಯಲ್ಲಿ ಸಣ್ಣದಾಗಿ ತನ್ನ ಹೆಸರೂ ಹಾಕಿಕೊಂಡ.

ಪಾಠಕ್ಕೆ ನಾಲ್ಕು ದಿನ ಇರುವಾಗ ದೇವದುರ್ಗಕ್ಕೆ ಹೋದೆ. ಮೇಡಮ್ ಸ್ಕೇಲು ನಿಲ್ಲಿಸಿ ನೋಡಿದರು. ಒಂದೇ ಕಡೆ ದಾಟಿತು. ಆರೂ ನೋಡಿ, "ಬರೋಬರಿ ಅದ," ಅಂದರು. ಪೆನ್ನಿನ ಮುಚ್ಚಳ ತೆಗೆದರು. ನಾನು ಕಣ್ಣು ಮುಚ್ಚಿದೆ.

"ಆ ಹಳೇ ಸೈನ್ ಇನ್ವರ್ಸ್ ಎಲ್ಲಿ ಅವ?"

ಕಣ್ಣು ತೆರೆದೆ. "ಯಾಕ್ರೀ?"

"ಆವತ್ತು ಮಾನ್ವ್ಯಾಗ ಅಂಟಿಸಿದ ಹಾಳಿ ಬಿತ್ತಲ್ಲ, ಅದನ್ನ ನೋಡಿದ ಹುಡುಗುರಿಗೆ ಸೀಮಿ ಯಾಕ ಬೇಕು ಅಂತ ಒಂದ ನಿಮಿಷದಾಗ ತಿಳೀತು. ನಾ ಎಂಟು ವರ್ಷದಿಂದ ಬೋರ್ಡಿನ ಮ್ಯಾಲ ಬರದು ಬರದು ಹೇಳಿದ್ದು ತಿಳೀಲಾರದ್ದು! ಪ್ರತಿ ಕೋಣ್ಯಾಗ ಸರಿ ಚಾರ್ಟಿನ ಬಾಜೂಕ ಒಂದು ತಪ್ಪು ಚಾರ್ಟು ಬೇಕು. ಸಂಸ್ಥೆಯವರಿಗೂ ಹೇಳೀನಿ, ಒಪ್ಯಾರ. ಎರಡೂ ಕೂಡಿ ತರ್ರಿ, ಅಷ್ಟೂ ಕೋಣಿಗೆ ಸಹಿ ಹಾಕ್ತೀನಿ."

ಓಡಿ ಬಂದು ಪೇಂಟರನ ಮುಂದೆ ನಿಂತೆ. "ಮೊದಲಿನಂಗ ಒಂದು ತಪ್ಪು ಬರದು ಕೊಡು. ಇವತ್ತ ಬೇಕು."

"ನಾ ತಪ್ಪು ಬರಿಯಂಗಿಲ್ಲ."

"ಲೇ, ಮೊದಲ ನೀನ ಬರದಿದ್ದೆಲ್ಲೋ!"

"ಅವಾಗ ತಿಳದಿದ್ದಿಲ್ಲ. ಈಗ ತಿಳದದ. ಸೀಮಿ ದಾಟೂ ಹೊತ್ತಿಗೆ ಕೈ ತಾನ ನಿಂದರ್ತದ, ನಾ ಏನ್ ಮಾಡ್ಲಿ?"

"ಡಬಲ್ ಕೊಡ್ತೀನಿ."

"ಕೆಳಗ ನನ್ನ ಹೆಸರು ಇರ್ತದ ಸಾವ್ಕಾರ್ರ. ಓದಿದ ಮಂದಿ ನೋಡಿ ನಗೂದು ಬ್ಯಾಡ."

"ಹೆಸರು ಹಾಕಬ್ಯಾಡಪ್ಪಾ!"

"ಹೆಸರು ಹಾಕಲಾರದ ಬರಿಯೂದು ಕಳ್ಳ ಕೆಲಸ."

ನಾನೇ ಬರೆದು ನೋಡಿದೆ. ಜಿಲೇಬಿ ಬಂತು. ಬೇರೆ ಪೇಂಟರರನ್ನು ಕೇಳಿದೆ. ಎಲ್ಲರೂ ಲಗ್ನದ ಬೋರ್ಡಿನ ಗಡಿಬಿಡಿಯಲ್ಲಿದ್ದರು. ಸರಿಯಾಗಿ ಕೆಲಸ ಮಾಡುವವರನ್ನು ಹುಡುಕಿ ಹುಡುಕಿ ಮೂವತ್ತು ವರ್ಷ ಸವೆಸಿದ್ದೇನೆ. ಕೆಲಸ ಕೆಡಿಸುವ ಒಬ್ಬನೂ ಸಿಗದೆ ಇಡೀ ರಾಯಚೂರು ತಿರುಗಿದ್ದು ಮಾತ್ರ ಅದೇ ಮೊದಲು.

೭. ತೋಳು

ಉಳಿದದ್ದು ಒಂದೇ ದಾರಿ, ಮಾನ್ವಿಯ ದರ್ಜಿ. ಪಾಠಕ್ಕೆ ಎರಡು ದಿನ ಇತ್ತು. ಅವನ ಅಂಗಡಿಗೆ ಹೋದರೆ ಗೋಡೆ ತುಂಬ ಮೊಳೆ, ಮೊಳೆ ತುಂಬ ನನ್ನ ಚಾರ್ಟು. ಖಾಯಂ ಗಿರಾಕಿಗಳ ಅಳತೆಯನ್ನು ಒಬ್ಬೊಬ್ಬರದು ಒಂದೊಂದು ದಪ್ಪ ಕಾಗದದಲ್ಲಿ ಕತ್ತರಿಸಿ, ಮೇಲೆ ಗುರುತು ಬರೆದು ನೇತು ಹಾಕುವುದು ಅವನ ಪದ್ಧತಿ. "ಬಾಗಲವಾಡ, ಅಂಗನವಾಡಿ ಟೀಚರು" ಅಂತ ಒಂದರ ಮೇಲಿತ್ತು. ತಿರುಗಿಸಿ ನೋಡಿದೆ. ಸೈನ್ ಇನ್ವರ್ಸ್, ತೋಳಿನ ಆಕಾರದಲ್ಲಿ.

"ಏನ್ ಮಾಲು ಕೊಟ್ರಿ ಸಾವ್ಕಾರ್ರ!" ಅಂದ ದರ್ಜಿ, ಎದ್ದು ನಿಂತು ಕೈ ಮುಗಿದು. "ಕುಪ್ಪಸದ ತೋಳು ಹೆಗಲಿಗೆ ಕೂಡೂ ಕಡೆ ಒಂದು ಬಾಗು ಬೇಕು ನೋಡ್ರಿ. ಇಷ್ಟು ವರ್ಷ ಕಣ್ಣಂದಾಜಿಲೆ ಕತ್ತರಿಸ್ತಿದ್ದೆ. ನಿಮ್ಮ ಕ್ಯಾಗದದಾಗ ಗೆರಿ ರೆಡಿ ಅದ! ಗೆರಿ ಮ್ಯಾಲ ಕತ್ತರಿ ಬಿಟ್ರ ಮುಗೀತು. ಇದನ್ನ ಹಾಕಿದ ದರ್ಜಿ ಯಾರ್ರೀ?"

ಕಾಲೇಜು ಮುಗಿಸಿದ ಎಷ್ಟೋ ಜನ ನನ್ನ ಅಂಗಡಿಯಲ್ಲಿ ನಿಂತು, ಈ ಸೈನು ಕಾಸು ಜೀವನದಲ್ಲಿ ಯಾರ ಉಪಯೋಗಕ್ಕೆ ಬಂದಿದೆ ಅಂತ ಬೈದಿದ್ದಾರೆ. ಉಪಯೋಗಕ್ಕೆ ಬಂದ ಒಬ್ಬನ ಎದುರು ನಾನು ಅಳುಮೋರೆ ಹಾಕಿಕೊಂಡು ನಿಂತಿದ್ದೆ.

"ಕತ್ತರಿಸಲಾರದ್ದು ಎಷ್ಟು ಉಳಿದಾವ?"

ಎಣಿಸಿದ. ಇಪ್ಪತ್ನಾಲ್ಕು ಸೈನ್ ಇನ್ವರ್ಸಿನಲ್ಲಿ ಹದಿನೇಳು ತೋಳಾಗಿದ್ದವು. ಏಳು ಇಡಿಯಾಗಿ ಉಳಿದಿದ್ದವು, ಅಂಟಿಸಿದ ಬಿಳಿ ಹಾಳೆ ಅಷ್ಟೂ ಆಗಲೇ ಉದುರಿದ್ದವು.

"ಕೊಡಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ."

"ಹ್ಯಾಂಗ ಕೊಡ್ಲಿ ರೀ? ಇಂಥಾ ನಮೂನಿ ಮತ್ತ ಸಿಗಂಗಿಲ್ಲ." ಸ್ವಲ್ಪ ಯೋಚಿಸಿದ. ಅವನೂ ವ್ಯಾಪಾರಿಯೇ. "ಒಂದು ಮಾಡ್ರಿ. ನಿಮ್ಮ ಮನ್ಯಾಗಿನವರಿಗೆ ಒಂದು ಕುಪ್ಪಸ ನನ್ನ ಹಂತೇಲಿ ಹೊಲಿಸ್ರಿ. ರಾಯಚೂರಿನಾಗ ನನ್ನ ಹೆಸರು ಆಗಲಿ."

ಒಪ್ಪಿದೆ. ಏಳು ತಪ್ಪು ಹಾಳೆ ಬಗಲಲ್ಲಿ ಹಿಡಿದು ದೇವದುರ್ಗಕ್ಕೆ ಓಡಿದೆ. ಮೇಡಮ್ ಮಾತಿಗೆ ತಪ್ಪಲಿಲ್ಲ. ತಪ್ಪು ಚಾರ್ಟು ಎಷ್ಟಿದೆಯೋ ಅಷ್ಟು ಕೋಣೆಗೆ, ಏಳು ಕೋಣೆಗೆ, ಸಹಿ ಹಾಕಿದರು. ಉಳಿದ ಹದಿನೇಳಕ್ಕೆ ತಪ್ಪು ಒದಗಿಸುವುದರೊಳಗೆ ಪಾಠ ಶುರುವಾಯಿತು.

ಇನ್ನು ಕೊನೆಯ ಲೆಕ್ಕ. ಹೋದದ್ದು ಏಳು ಸೆಟ್ಟು, ಅದರ ದುಡ್ಡು ಎರಡು ಸಲದ ಅಚ್ಚಿಗೇ ಸರಿಹೋಯಿತು. ಗೋದಾಮಿನಲ್ಲಿ ಉಳಿದದ್ದು ಹದಿನೇಳು ಸೆಟ್ಟು, ನೂರಾ ಎರಡು ಹಾಳೆ. ಎಲ್ಲವೂ ಸರಿ ಇವೆ, ಒಂದರಲ್ಲೂ ತಪ್ಪಿಲ್ಲ, ಅದಕ್ಕೇ ಯಾರಿಗೂ ಬೇಡ. ಬಂದದ್ದು ಒಂದು ಕುಪ್ಪಸ. ಕತ್ತರಿಸದೆ ಉಳಿದ ಸೈನ್ ಇನ್ವರ್ಸ್ ಅಷ್ಟನ್ನೂ ನನಗೆ ಕೊಟ್ಟಿದ್ದರಿಂದ ದರ್ಜಿಯ ಹತ್ತಿರ ಒಂದೇ ತೋಳಿಗಾಗುವಷ್ಟು ತುಂಡು ಉಳಿದಿತ್ತಂತೆ. ಬಲತೋಳನ್ನು ಅದರಿಂದ ಕತ್ತರಿಸಿದ. ಎಡತೋಳಿಗೆ ಕಾಸ್ ಇನ್ವರ್ಸ್ ಹಚ್ಚಿದ. ಮನೆಯಾಕೆ ಕನ್ನಡಿ ಮುಂದೆ ನಿಂತು ಹಾಕಿ ನೋಡಿದಳು. ಬಲಗೈ ಸಲೀಸಾಗಿ ಹೋಯಿತು. ಎಡಗೈ ಮೊಣಕೈಯಲ್ಲಿ ನಿಂತದ್ದು ಇನ್ನೂ ಮೇಲೇರಿಲ್ಲ.

ಒಟ್ಟು ಲಾಭ: ಒಂದು ತೋಳು.